ರೆಕ್ಕೆಯ ಬದಿ

ಐಸಿಯುವಿನಲ್ಲಿ ಅವಳ ಕೈ ನಡುಗಿದ್ದನ್ನು ನಾನು ಕಂಡಿಲ್ಲ.
ನಿಂತ ಎದೆ, ಹರಿದ ಹೊಟ್ಟೆ, ನಡುರಾತ್ರಿಯ ಅಲಾರಾಂ,
ಸೆವ್ರಿನಾ ಕೂದಲು ಬಿಗಿದು ಕಟ್ಟಿ
ಒಂದು, ಎರಡು, ಮೂರು ಎಂದು ಒತ್ತುತ್ತಲೇ ಇರುವವಳು.

ಅದೇ ಸೆವ್ರಿನಾ, ಅಬ್ಬಾಸಿಯಾದ ನಮ್ಮ ಕಟ್ಟಡದ ಬಾಗಿಲಲ್ಲಿ
ಒಂದು ಪಾರಿವಾಳ ಪಟಪಟ ಎಂದರೆ
ಗೋಡೆಗೆ ಅಂಟಿ ಗೋಡೆಯೇ ಆಗುತ್ತಾಳೆ.
ತುಟಿ ಬೂದಿ. ಕುವೈತಿನ ಜೂನಿನಲ್ಲೂ ಬೆರಳು ತಣ್ಣಗೆ.

ಮೊದಲ ಸಲ ನಾನು ನಕ್ಕೆ.
ಸುಳ್ಳು ಯಾಕೆ, ಎರಡನೆಯ ಸಲವೂ ನಕ್ಕೆ.
'ಪಾರಿವಾಳಕ್ಕ ಯಾರರ ಅಂಜತಾರೇನ, ಹುಚ್ಚಿ?'
ಆಳಂದದಲ್ಲಿ ನಮ್ಮಜ್ಜನ ಮಾಳಿಗೆಯ ಮೇಲೆ
ನಲವತ್ತು ಜೋಡಿ ಇದ್ದವು.
ಅವುಗಳ ಎದೆಯ ಬಿಸಿ ಅಂಗೈಯಲ್ಲಿ ಹಿಡಿದೇ
ನಾನು ಎಣಿಕೆ ಕಲಿತದ್ದು.

ಮೂರನೆಯ ಸಲ ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ.
ಒಂದು ಶುಕ್ರವಾರ, ಬಾಲ್ಕನಿಯ ಎಸಿ ಪೆಟ್ಟಿಗೆಯ ಹಿಂದೆ
ಹಾರಲು ಬಾರದ ಮರಿ ಸಿಕ್ಕಿತು.
ಒಮ್ಮೆ ಮುಟ್ಟಿದರೆ ಹೋಗಿಬಿಡುತ್ತದೆ ಎಂದುಕೊಂಡು
ದುಪಟ್ಟಾದಲ್ಲಿ ಸುತ್ತಿ ಅವಳ ಮಡಿಲಿಗಿಟ್ಟೆ.
ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.
ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವಳು
ಡ್ಯೂಟಿ ಬಸ್ಸಿನ ಹಾರ್ನ್ ಕೇಳುವವರೆಗೂ ಹೊರಗೆ ಬರಲಿಲ್ಲ.
ನಾಲ್ಕು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ.

ಐದನೆಯ ದಿನ ಕಿಟಕಿಗೆ ಬೆನ್ನು ಮಾಡಿ ಕೂತು ಹೇಳಿದಳು:
'ಅವು ಏನೂ ಮಾಡುವುದಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ.
ಗೊತ್ತಿರುವುದು ತಲೆಗೆ. ಬಡಿಯುವುದು ಇಲ್ಲಿ.'
ಗಂಟಲ ಕೆಳಗಿನ ಗುಳಿ ಮುಟ್ಟಿ ತೋರಿಸಿದಳು.
ಅಲ್ಲಿ ನಿಜವಾಗಿಯೂ ಏನೋ ಬಡಿಯುತ್ತಿತ್ತು.

ಯಾವಾಗಿನಿಂದ, ಚಿಕ್ಕವಳಿದ್ದಾಗ ಏನಾದರೂ, ಕನಸಿನಲ್ಲೂನಾ,
ಎಲ್ಲ ಪ್ರಶ್ನೆ ನುಂಗಿಕೊಂಡೆ.
ಒಂದೇ ಕೆಲಸ ಕಲಿತೆ: ರೆಕ್ಕೆಯ ಬದಿಗೆ ನಡೆಯುವುದು.
ಬಕಾಲಾಕ್ಕೆ ಹೋಗುವಾಗ ಅವಳ ಬಲಕ್ಕೆ, ಬರುವಾಗ ಎಡಕ್ಕೆ,
ಕಸದ ಡಬ್ಬಿ ದಾಟುವಾಗ ಅರ್ಧ ಹೆಜ್ಜೆ ಮುಂದೆ.

ಉಳಿದದ್ದು ಹಾರಿಸ್ ಮೊಫಿಜುಲ್.
ದಿನಾ ಬೆಳಿಗ್ಗೆ ಐದಕ್ಕೆ ನಿನ್ನೆಯ ಕುಬೂಸ್ ನೆನೆಸಿ
ಬಾಗಿಲೆದುರೇ ಚೆಲ್ಲುತ್ತಿದ್ದ ಕಾವಲುಗಾರ.
ನಾಲ್ಕು ವರ್ಷ ಊರು ಕಾಣದವನಿಗೆ
ಪುಣ್ಯದ ಲೆಕ್ಕ ಅದೊಂದೇ.
ಅದನ್ನೂ ಬಿಡು ಅಂತ ಹೇಗೆ ಹೇಳುವುದು?
ಎರಡು ವಾರ ಮಾತು ಬಾಯೊಳಗೇ ಇಟ್ಟುಕೊಂಡು
ಕೊನೆಗೆ ನನ್ನ ದಖನಿಯಲ್ಲಿ ಹೇಳಿದೆ.
ಅವನು ನಗಲಿಲ್ಲ.
ನಾನು ನಕ್ಕಿದ್ದೆ, ಅವನು ನಗಲಿಲ್ಲ.
ಪೊರಕೆಯ ಕಡ್ಡಿ ಸರಿಮಾಡುತ್ತ, ಮೆಲ್ಲಗೆ,
ತನಗೆ ಲಿಫ್ಟು ಅಂದ.
ಒಂಬತ್ತು ಮಹಡಿಗೂ ಬಕೆಟ್ ಹೊತ್ತು ಮೆಟ್ಟಿಲಲ್ಲೇ ಹತ್ತುತ್ತಾನಂತೆ,
ಯಾರೂ ಕೇಳಿಲ್ಲ, ಅವನೂ ಹೇಳಿಲ್ಲ.

ಮರುದಿನದಿಂದ ಕುಬೂಸ್ ಹಿಂದಿನ ಮರಳು ಪಾರ್ಕಿಂಗಿಗೆ ಹೋಯಿತು.
ಬಸ್ಸು ಬರುವ ಹೊತ್ತಿಗೆ ಕೆಳಗಿನಿಂದ ಎರಡು ಸಿಳ್ಳೆ:
ದಾರಿ ಖಾಲಿ.
ಯಾವಾಗಲಾದರೂ ಒಂದೇ ಸಿಳ್ಳೆ. ಆಗ ತಡೆದು ನಿಲ್ಲುತ್ತೇವೆ,
ಬಸ್ಸಿನವನ ಬೈಗುಳ ನಾನು ತಿನ್ನುತ್ತೇನೆ.

ಈಚೆಗೆ ಅವಳೇ ಒಂದು ಅಭ್ಯಾಸ ಹಚ್ಚಿಕೊಂಡಿದ್ದಾಳೆ,
ಆಸ್ಪತ್ರೆಯ ಮನೋವೈದ್ಯೆ ಬರೆದುಕೊಟ್ಟದ್ದು.
ಕಿಟಕಿ ಒಂದು ಬೆರಳಷ್ಟು ತೆರೆದು
ಆಚೆಯ ಗುಟುರು ಕೇಳುತ್ತ ಮೂವತ್ತು ಎಣಿಸಬೇಕು.
ಎಣಿಕೆ ಅವಳದು, ಕಿಟಕಿಯ ಹಿಡಿ ನನ್ನದು.
ನಿನ್ನೆ ಹದಿನೇಳಕ್ಕೆ ಸಾಕು ಅಂದಳು.
ಮುಚ್ಚಿದೆ.
ಇನ್ನೊಂಚೂರು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

ಹೊಸ ಹಕ್ಕಿಯನ್ನು ಒಗ್ಗಿಸುವಾಗ ಅಜ್ಜ ಹೀಗೇ ಕೂರುತ್ತಿದ್ದ,
ಅಂಗೈ ತೆರೆದು, ಬೇರೆಲ್ಲೋ ನೋಡುತ್ತ,
ಬಂದರೆ ಬರಲಿ ಎಂಬಂತೆ, ಗಂಟೆಗಟ್ಟಲೆ.
ಸೆವ್ರಿನಾಗೆ ಇದನ್ನು ಹೇಳಿಲ್ಲ.
ಯಾವುದಕ್ಕೆ ಹೋಲಿಸಿದೆ ಅಂತ ಗೊತ್ತಾದರೆ
ಮತ್ತೆ ನಾಲ್ಕು ದಿನ ಚಹಾ ಇಲ್ಲ.